ಬಾಗಿದ ಬೆರಳಿಗೆ ಸೂಜಿ ಸಾಕೇ?

ಮುಖ ತೊಳೆಯಲು ಬೊಗಸೆಯಲ್ಲಿ ನೀರು ಹಿಡಿದು ಮೇಲೆತ್ತಿದರೆ ತನ್ನದೇ ಉಂಗುರ ಬೆರಳು ಕಣ್ಣಿಗೆ ತಾಗುತ್ತದೆ. ಜೇಬಿಗೆ ಕೈ ಹಾಕಿದರೆ ಕಿರುಬೆರಳು ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಕೈಗವಸು ಏರುವುದಿಲ್ಲ. ಯಾರಾದರೂ ಕೈಕುಲುಕಿದರೆ ಅವರ ಅಂಗೈಗೆ ಮಡಿಚಿದ ಬೆರಳೊಂದು ಒತ್ತುತ್ತದೆ. ಹೆಚ್ಚಿನವರಿಗೆ ನೋವು ಎನ್ನುವಂಥದ್ದು ಇರುವುದಿಲ್ಲ. ಆದ್ದರಿಂದಲೇ ಮನೆಯವರು ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತಾರೆ. ಬೆರಳು ಮಾತ್ರ ವರ್ಷದಿಂದ ವರ್ಷಕ್ಕೆ ಇನ್ನಷ್ಟು ಒಳಕ್ಕೆ ಬಾಗುತ್ತ ಹೋಗುತ್ತದೆ.

ಡುಪ್ಯುಟ್ರೆನ್ ಕಾಂಟ್ರ್ಯಾಕ್ಚರ್ ಎಂದು ಇದರ ಹೆಸರು. ಅಂಗೈಯ ಚರ್ಮಕ್ಕೂ ಅದರ ಕೆಳಗಿನ ಸ್ನಾಯುರಜ್ಜುಗಳಿಗೂ ನಡುವೆ ನಾರಿನ ಹಾಸೊಂದಿದೆ. ಕೆಲವರಲ್ಲಿ ಆ ಹಾಸು ಮೊದಲು ಗಂಟು ಕಟ್ಟುತ್ತದೆ. ನಂತರ ಹಗ್ಗ ಹೊಸೆದಂತೆ ಹುರಿಗೊಂಡು ಬೆರಳನ್ನು ಅಂಗೈ ಕಡೆಗೆ ಎಳೆಯುತ್ತದೆ. ಉಂಗುರ ಬೆರಳಿಗೆ ಹೆಚ್ಚು, ನಂತರದ ಸರದಿ ಕಿರುಬೆರಳಿನದು. ಕಾಯಿಲೆಯ ತವರು ಉತ್ತರ ಯುರೋಪ್. ನಾರ್ವೆಯಲ್ಲಿ 60 ದಾಟಿದ ಗಂಡಸರಲ್ಲಿ ಶೇ 30ರವರೆಗೂ ಇದು ಇರಬಹುದೆಂಬ ಅಂದಾಜಿದೆ. ರೋಗದ ಹಿಂದಿರುವ ಕೆಲವು ಪ್ರಮುಖ ಜೀನ್ ರೂಪಗಳು ನಿಯಾಂಡರ್ತಾಲ್ ಮಾನವರಿಂದ ಬಂದವು ಎಂದು 2023ರಲ್ಲಿ ಸ್ವೀಡನ್ನಿನ ಸಂಶೋಧಕರ ತಂಡ ತೋರಿಸಿತು. ನಮ್ಮಲ್ಲಿ ಇದು ಅಪರೂಪ. ಆದರೂ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದರ ಪ್ರಮಾಣ ಹೆಚ್ಚು, ಮತ್ತು ಸಕ್ಕರೆ ಕಾಯಿಲೆ ಇಲ್ಲದ ಬೀದಿ ನಮ್ಮ ಊರುಗಳಲ್ಲಿ ಈಗ ಎಲ್ಲಿದೆ?

ಬಾಗಿದ ಬೆರಳನ್ನು ಬಿಡಿಸಲು ಇಂದು ದೊಡ್ಡ ಶಸ್ತ್ರಚಿಕಿತ್ಸೆಯ ಜೊತೆಗೆ ಸಣ್ಣ ಗಾಯದ ದಾರಿಗಳೂ ಇವೆ. ಒಂದು, ಸೂಜಿಯಿಂದ ಹುರಿಯನ್ನು ಕತ್ತರಿಸುವುದು. ಇನ್ನೊಂದು, ಹುರಿಯನ್ನು ಕರಗಿಸುವ ಔಷಧಿಯನ್ನು ಚುಚ್ಚುವುದು. ‘ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ’ ಎನ್ನುವ ನಮ್ಮ ಗಾದೆ ಇಲ್ಲಿ ತಟ್ಟನೆ ನೆನಪಾಗುತ್ತದೆ. ಆದರೆ ಈ ಕಾಯಿಲೆಯಲ್ಲಿ ಉಗುರಿನಿಂದ ಹೋದದ್ದು ಮತ್ತೆ ಚಿಗುರುತ್ತದೆ. ಹೀಗಿದ್ದರೂ ಬಹಳ ಮಂದಿಗೆ ಮೊದಲ ಹೆಜ್ಜೆಯಾಗಿ ಸಣ್ಣ ದಾರಿಯೇ ಸರಿ ಎಂಬುದು ನನ್ನ ವಾದ. ಅದಕ್ಕೆ ಒಂದೇ ಷರತ್ತು: ಅದನ್ನು ‘ಗುಣ’ ಎಂಬ ಹೆಸರಿನಲ್ಲಿ ಕೊಡಬಾರದು.

ಚಿಕಿತ್ಸೆಗೆ ಮೊದಲು ರೋಗ ಇದೇ ಹೌದೇ ಎಂಬುದು ಇತ್ಯರ್ಥವಾಗಬೇಕು. ನಮ್ಮ ನಾಡಿನಲ್ಲಿ ಈ ಪ್ರಶ್ನೆಯ ತೂಕ ಯುರೋಪಿಗಿಂತ ಹೆಚ್ಚು. ಉಂಗುರ ಬೆರಳು, ಕಿರುಬೆರಳು ಬಾಗಿದ ಕೈಯನ್ನು ಕಂಡರೆ ಇಲ್ಲಿ ಹಿರಿಯರ ಮನಸ್ಸಿಗೆ ಮೊದಲು ಬರುವುದು ಕುಷ್ಠ. ಕುಷ್ಠದಲ್ಲಿ ಮೊಣಕೈ ಬಳಿ ಹಾದುಹೋಗುವ ನರ ಸೋತು ಬೆರಳುಗಳು ಕೊಕ್ಕೆಯಾಗುತ್ತವೆ. ಅಲ್ಲಿ ಬೆರಳಿನ ಬುಡದ ಗೆಣ್ಣು ಹಿಂದಕ್ಕೆ ಬಾಗಿರುತ್ತದೆ, ಮುಟ್ಟಿದರೆ ಸ್ಪರ್ಶ ತಿಳಿಯುವುದಿಲ್ಲ. ಮೊದಮೊದಲು ಇನ್ನೊಂದು ಕೈಯಿಂದ ಬಿಡಿಸಿದರೆ ಬೆರಳು ನೆಟ್ಟಗೂ ಆಗುತ್ತದೆ. ಡುಪ್ಯುಟ್ರೆನ್‌ನಲ್ಲಿ ಹೀಗಿಲ್ಲ. ಸ್ಪರ್ಶ ಸರಿಯಾಗಿಯೇ ಇರುತ್ತದೆ, ಬುಡದ ಗೆಣ್ಣು ಒಳಕ್ಕೆ ಬಾಗಿರುತ್ತದೆ, ಎಷ್ಟು ಎಳೆದರೂ ಬೆರಳು ಬಿಡಿಸಿಕೊಳ್ಳುವುದಿಲ್ಲ. ಎಳೆದಾಗ ಅಂಗೈಯಲ್ಲಿ ಬಿಗಿದ ಹಗ್ಗದಂತೆ ಹುರಿಯೊಂದು ಎದ್ದು ನಿಲ್ಲುತ್ತದೆ. ಬೆರಳು ಮಡಿಚಿಕೊಂಡು ನಂತರ ಟಕ್ಕೆಂದು ಬಿಡಿಸಿಕೊಂಡರೆ ಅದು ಟ್ರಿಗರ್ ಫಿಂಗರ್. ಸಕ್ಕರೆ ಕಾಯಿಲೆಯಿಂದ ಬೆರಳುಗಳೆಲ್ಲ ಬಿರುಸಾಗಿ, ನಮಸ್ಕಾರಕ್ಕೆ ಜೋಡಿಸಿದ ಕೈಗಳ ನಡುವೆ ಸಂದು ಉಳಿಯುವುದು ಮತ್ತೊಂದು ತೊಂದರೆ. ತಪ್ಪು ಹೆಸರು ಹಚ್ಚಿಸಿಕೊಂಡು ಊರವರ ಕಣ್ಣು ತಪ್ಪಿಸಿ ಬದುಕುವ ಗತಿ ಯಾರಿಗೂ ಬರಬಾರದು. ಅಂಗೈಯನ್ನು ಒಮ್ಮೆ ಸಾವಧಾನವಾಗಿ ಮುಟ್ಟಿ ನೋಡಿದರೆ ಈ ತಪ್ಪು ತಪ್ಪುತ್ತದೆ.

ಗಂಟು ಇದೆ ಎಂದಮಾತ್ರಕ್ಕೆ ಚಿಕಿತ್ಸೆ ಬೇಕಿಲ್ಲ. ಆಸ್ಟ್ರೇಲಿಯಾದ ಶಸ್ತ್ರವೈದ್ಯ ಜಾನ್ ಹ್ಯೂಸ್ಟನ್ ಹೇಳಿಕೊಟ್ಟ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಅಂಗೈಯನ್ನು ಮೇಜಿನ ಮೇಲೆ ಮಗುಚಿ ಇಡಿ. ಅಂಗೈ, ಬೆರಳು ಎರಡೂ ಚಪ್ಪಟೆಯಾಗಿ ಕೂತರೆ ಕಾಯಬಹುದು. ಕೂರದಿದ್ದರೆ ವೈದ್ಯರನ್ನು ಕಾಣುವ ಸಮಯ ಬಂದಿದೆ. ಬುಡದ ಗೆಣ್ಣು ಸುಮಾರು 30 ಡಿಗ್ರಿ ಬಾಗಿದ ಮೇಲೆ ಚಿಕಿತ್ಸೆಯ ಮಾತು ಎತ್ತುವುದು ವಾಡಿಕೆ. ನಡು ಗೆಣ್ಣು ಬಾಗಲು ಶುರುವಾದರೆ ಅಷ್ಟು ಕಾಯುವುದು ಸರಿಯಲ್ಲ, ಏಕೆಂದರೆ ಆ ಗೆಣ್ಣು ಬಹಳ ದಿನ ಮಡಿಚಿಕೊಂಡಿದ್ದರೆ ಹುರಿಯನ್ನು ತೆಗೆದ ಮೇಲೂ ಪೂರ್ತಿ ಬಿಡಿಸಿಕೊಳ್ಳದು. ಎಣ್ಣೆ ತಿಕ್ಕುವುದರಿಂದ, ಬೆರಳನ್ನು ಜಗ್ಗುವುದರಿಂದ ಹುರಿ ಸಡಿಲವಾಗುವುದಿಲ್ಲ.

ಸಣ್ಣ ಗಾಯದ ವಿಧಾನ ಹೊಸದೆಂದು ಅನೇಕರು ತಿಳಿದಿದ್ದಾರೆ. ಅದು ಈ ಕಾಯಿಲೆಯ ಈಗಿನ ಹೆಸರಿಗಿಂತಲೂ ಹಳೆಯದು. ಲಂಡನ್ನಿನ ಹೆನ್ರಿ ಕ್ಲೈನ್ 1777ರಲ್ಲೇ ಇಂಥ ಕೈಯನ್ನು ಸೀಳಿ ನೋಡಿ, ದೋಷ ಇರುವುದು ರಜ್ಜುವಿನಲ್ಲಲ್ಲ, ಅದರ ಮೇಲಿನ ನಾರಿನ ಹಾಸಿನಲ್ಲಿ ಎಂದು ಕಂಡುಕೊಂಡಿದ್ದರು. ಅವರ ಶಿಷ್ಯ ಆಸ್ಟ್ಲಿ ಕೂಪರ್, ಚರ್ಮದಲ್ಲಿ ಸಣ್ಣ ತೂತು ಮಾಡಿ ಕಿರಿದಾದ ಚೂರಿಯಿಂದ ಹುರಿಯನ್ನು ಕತ್ತರಿಸಬಹುದೆಂದು 1822ರಲ್ಲಿ ಬರೆದರು. ಪ್ಯಾರಿಸ್ಸಿನ ಓತೆಲ್-ದ್ಯೂ ಆಸ್ಪತ್ರೆಯ ಗೀಯೋಮ್ ಡುಪ್ಯುಟ್ರೆನ್ 1831ರಲ್ಲಿ ದ್ರಾಕ್ಷಾರಸದ ವ್ಯಾಪಾರಿಯೊಬ್ಬರ ಕೈಗೆ ಮಾಡಿದ್ದು ಬೇರೆಯೇ ಕೆಲಸ. ಅವರು ಅಂಗೈಯ ಚರ್ಮವನ್ನು ಅಡ್ಡಡ್ಡ ಕೊಯ್ದು, ಕಣ್ಣಿಗೆ ಕಾಣುವಂತೆ ಹುರಿಯನ್ನು ತುಂಡರಿಸಿದರು. ಆ ಕಾಲಕ್ಕೆ ಅರಿವಳಿಕೆಯೂ ಇರಲಿಲ್ಲ. ಅದೇ ವರ್ಷ ಅವರು ಕೊಟ್ಟ ಉಪನ್ಯಾಸದಿಂದ ರೋಗಕ್ಕೆ ಅವರ ಹೆಸರೇ ನಿಂತಿತು. ಮುಂದೆ ಅರಿವಳಿಕೆ ಬಂತು, ಸೋಂಕು ತಡೆಯುವ ವಿದ್ಯೆ ಬಂತು. ಆಗ ಶಸ್ತ್ರವೈದ್ಯರು ಕತ್ತರಿಸುವಷ್ಟಕ್ಕೆ ನಿಲ್ಲದೆ, ರೋಗ ತಗುಲಿದ ನಾರನ್ನೆಲ್ಲ ಬಿಡಿಸಿ ತೆಗೆಯತೊಡಗಿದರು. ಸುಮ್ಮನೆ ಕತ್ತರಿಸಿದ ಹುರಿ ಮತ್ತೆ ಕೂಡಿಕೊಳ್ಳುತ್ತದೆ ಎಂಬುದು ಅದಕ್ಕೆ ಕಾರಣ.

ಹೀಗೆ ಮೂಲೆ ಸೇರಿದ್ದ ಸಣ್ಣ ದಾರಿಯನ್ನು 1970ರ ದಶಕದಲ್ಲಿ ಅದೇ ಪ್ಯಾರಿಸ್ಸಿನಲ್ಲಿ ಮತ್ತೆ ತೆರೆದವರು ಶಸ್ತ್ರವೈದ್ಯರಲ್ಲ. ಲೆರ್ಮೂಸಿಯೋ ಮತ್ತು ದೆಬೆಯ್ರ್ ಇಬ್ಬರೂ ಸಂಧಿವಾತದ ವೈದ್ಯರು. ಗೆಣ್ಣಿಗೆ ಸೂಜಿ ಚುಚ್ಚುವುದು ಅವರ ದಿನದ ಕೆಲಸವಾಗಿತ್ತು. ಆ ಸೂಜಿಯ ಓರೆಯಾದ ತುದಿಯನ್ನೇ ಅವರು ಚೂರಿಯಾಗಿ ಬಳಸಿದರು.

ಆ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರ ಜಾಣ್ಮೆ ತಿಳಿಯುತ್ತದೆ. ಅಂಗೈ ಮೇಲಾಗಿ ಕೈಯನ್ನು ಮೇಜಿನ ಮೇಲೆ ಇಟ್ಟಿದೆ. ಹುರಿಯ ಉದ್ದಕ್ಕೂ ಪೆನ್ನಿನಿಂದ ನಾಲ್ಕೈದು ಚುಕ್ಕೆ ಹಾಕಲಾಗಿದೆ. ಒಂದೊಂದು ಚುಕ್ಕೆಯಲ್ಲೂ ಚರ್ಮದೊಳಕ್ಕೆ ಮಾತ್ರ ಹನಿಯಷ್ಟು ಅರಿವಳಿಕೆ ಕೊಡುತ್ತಾರೆ. ಆಳಕ್ಕೆ ಕೊಟ್ಟರೆ ಬೆರಳಿನ ನರವೂ ಮಲಗಿಬಿಡುತ್ತದೆ, ಮಲಗಿದ ನರ ಎಚ್ಚರಿಕೆ ಕೊಡದು. ಈಗ ಸೂಜಿ ಒಳಹೋಗುತ್ತದೆ. ‘ಬೆರಳ ತುದಿ ಅಲ್ಲಾಡಿಸಿ’ ಎನ್ನುತ್ತಾರೆ ವೈದ್ಯರು. ಬೆರಳಿನ ಜೊತೆಗೆ ಸೂಜಿಯೂ ಅಲುಗಿದರೆ ಅದು ರಜ್ಜುವಿಗೆ ತಗುಲಿದೆ ಎಂದು ಅರ್ಥ, ಹಿಂದಕ್ಕೆ ಎಳೆಯಬೇಕು. ‘ಬೆರಳ ತುದಿಗೆ ಕರೆಂಟು ಹೊಡೆದಂತಾಯಿತೇ?’ ಹೌದು ಎಂದರೆ ಪಕ್ಕದಲ್ಲೇ ನರವಿದೆ, ಜಾಗ ಬದಲಿಸಬೇಕು. ಇಲ್ಲ ಎಂದರೆ ಸೂಜಿಯ ಮೊನೆಯನ್ನು ಅತ್ತಿತ್ತ ಆಡಿಸುತ್ತ ಹುರಿಯನ್ನು ಎಳೆ ಎಳೆಯಾಗಿ ಕೊರೆಯುತ್ತಾರೆ. ಗಟ್ಟಿ ನಾರನ್ನು ಗೀರುವ ಕರಕರ ಸೂಜಿ ಹಿಡಿದ ಬೆರಳುಗಳಿಗೆ ತಿಳಿಯುತ್ತದೆ. ಸಾಕಷ್ಟು ಕೊರೆದ ಮೇಲೆ ಬೆರಳನ್ನು ಹಿಡಿದು ನೆಟ್ಟಗೆ ಒತ್ತಿದಾಗ ಟಪ್ಪೆಂದು ಹುರಿ ಹರಿಯುತ್ತದೆ. ಹೊಲಿಗೆ ಇಲ್ಲ. ಪಟ್ಟಿ ಹಾಕಿಸಿಕೊಂಡು ಮನೆಗೆ ನಡೆಯಬಹುದು, ಹೆಚ್ಚಿನವರು ಕೆಲವೇ ದಿನಗಳಲ್ಲಿ ಕೈಯನ್ನು ಬಳಸುತ್ತಾರೆ.

ಇಲ್ಲಿ ರೋಗಿ ಸುಮ್ಮನೆ ಮಲಗಿರುವ ದೇಹವಲ್ಲ. ಅವರ ಎಚ್ಚರ, ಅವರ ಮಾತು ಚಿಕಿತ್ಸೆಯ ಭಾಗವೇ ಆಗಿವೆ. ಆದರೆ ಅಪಾಯ ಇಲ್ಲವೆಂದಲ್ಲ. ಬೆರಳನ್ನು ಬಿಡಿಸುವಾಗ ಚರ್ಮ ಹರಿಯುವುದು ಸಾಮಾನ್ಯ. ಅಪರೂಪಕ್ಕೆ ನರಕ್ಕೋ ರಜ್ಜುವಿಗೋ ಪೆಟ್ಟಾಗುತ್ತದೆ. ಕೆಲವು ಹುರಿಗಳು ಸುರುಳಿಯಾಗಿ ಬೆಳೆದು ನರವನ್ನು ತನ್ನ ಜಾಗದಿಂದ ಎಳೆದು ಚರ್ಮದ ಹತ್ತಿರಕ್ಕೆ ತಂದಿರುತ್ತವೆ. ಅಂಥ ಕಡೆ ಕಾಣದೆ ಚುಚ್ಚುವುದು ದುಬಾರಿಯಾದೀತು. ಗಾಯ ಚಿಕ್ಕದಾದಷ್ಟೂ ವೈದ್ಯರಿಗೆ ಕಾಣುವುದು ಕಡಿಮೆ, ಆದ್ದರಿಂದ ಅಂಗರಚನೆ ಅಷ್ಟೂ ಬಾಯಿಪಾಠವಾಗಿರಬೇಕು.

ಎರಡನೆಯ ದಾರಿ ಕೊಲಾಜಿನೇಸ್. ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾದಿಂದ ತೆಗೆದ ಈ ಕಿಣ್ವ ಹುರಿಯ ಕೊಲಾಜನ್ನನ್ನು ತುಂಡರಿಸುತ್ತದೆ. ನರ, ರಕ್ತನಾಳಗಳ ಸುತ್ತಲಿನ ಕೊಲಾಜನ್ ಬೇರೆ ಬಗೆಯದಾದ್ದರಿಂದ ಅವು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ರಜ್ಜುವಿನ ಕೊಲಾಜನ್ ಮಾತ್ರ ಹುರಿಯ ಕೊಲಾಜನ್ನಿನ ಜಾತಿಯದೇ. ಹಾಗಾಗಿ ಔಷಧಿ ಅಲ್ಲಿಗೆ ಜಾರಿದರೆ ರಜ್ಜು ಹರಿಯಬಹುದು. ಚುಚ್ಚಿದ ಮರುದಿನವೋ ಎರಡು ಮೂರು ದಿನ ಬಿಟ್ಟೋ ಬೆರಳನ್ನು ನೆಟ್ಟಗೆ ಒತ್ತಿ ಬಿಡಿಸುತ್ತಾರೆ. ಕೈ ಊದಿ, ನೀಲಿಗಟ್ಟಿ ಕೆಲವು ದಿನ ಹೆದರಿಸುತ್ತದೆ. 2009ರಲ್ಲಿ ಪ್ರಕಟವಾದ 308 ರೋಗಿಗಳ ಅಧ್ಯಯನದಲ್ಲಿ ಕೊಲಾಜಿನೇಸ್ ಪಡೆದ ಗೆಣ್ಣುಗಳಲ್ಲಿ ಶೇ 64 ಹೆಚ್ಚುಕಡಿಮೆ ನೆಟ್ಟಗಾದವು. ಔಷಧಿಯಿಲ್ಲದ ಹುಸಿ ಚುಚ್ಚುಮದ್ದು ಪಡೆದವುಗಳಲ್ಲಿ ನೆಟ್ಟಗಾದದ್ದು ಶೇ 6.8. ಮರುವರ್ಷವೇ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2020ರ ಹೊತ್ತಿಗೆ ಯುರೋಪಿನ ಮಾರುಕಟ್ಟೆಯಿಂದ ಅದನ್ನು ಹಿಂದಕ್ಕೆ ಪಡೆಯಲಾಯಿತು. ಕಾರಣ ಅಪಾಯವಲ್ಲ, ವ್ಯಾಪಾರದ ಲೆಕ್ಕ.

ಈ ಸಂಗತಿ ನನ್ನನ್ನು ಕಾಡುತ್ತದೆ. ಅಮೆರಿಕದಲ್ಲಿ ಸಾವಿರಾರು ಡಾಲರ್ ಬೆಲೆಯ ಔಷಧಿಗೆ ಜಾಹೀರಾತು ಇತ್ತು, ಪ್ರಚಾರಕ್ಕೆ ಹೆಸರಾಂತ ಆಟಗಾರರಿದ್ದರು. ಕೆಲವೇ ರೂಪಾಯಿಯ ಸೂಜಿಗೆ ಯಾವ ಕಂಪನಿಯೂ ವಕಾಲತ್ತು ವಹಿಸುವುದಿಲ್ಲ. ಔಷಧಿಯನ್ನು ಹುಸಿ ಚುಚ್ಚುಮದ್ದಿನೊಂದಿಗೆ ಹೋಲಿಸುವ ಅಧ್ಯಯನಕ್ಕೆ ಹಣ ಬೇಗ ಸಿಕ್ಕಿತು. ರೋಗಿಗೆ ನಿಜವಾಗಿ ಬೇಕಾದ ಹೋಲಿಕೆ, ಅಂದರೆ ಔಷಧಿ, ಸೂಜಿ, ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದು ಎಷ್ಟು ಕಾಲ ಬಾಳುತ್ತದೆ ಎಂಬುದು ದೊಡ್ಡ ಪ್ರಮಾಣದಲ್ಲಿ ನಡೆದು ಹೊರಬರಲು 2024 ಬರಬೇಕಾಯಿತು.

ಆ ಹೋಲಿಕೆಗಳು ಹೇಳುವುದೇನು? ನೆದರ್ಲೆಂಡ್ಸ್‌ನ ವೈದ್ಯರು 2012ರಲ್ಲಿ ಪ್ರಕಟಿಸಿದ ಐದು ವರ್ಷಗಳ ಅಧ್ಯಯನದಲ್ಲಿ ಸೂಜಿಯ ನಂತರ ರೋಗ ಮರುಕಳಿಸಿದ್ದು ಶೇ 84.9 ಮಂದಿಗೆ, ಶಸ್ತ್ರಚಿಕಿತ್ಸೆಯ ನಂತರ ಶೇ 20.9 ಮಂದಿಗೆ. ಕೊಲಾಜಿನೇಸ್‌ನಿಂದ ನೆಟ್ಟಗಾಗಿದ್ದ ಗೆಣ್ಣುಗಳಲ್ಲಿ ಐದು ವರ್ಷದಲ್ಲಿ ಶೇ 47 ಮತ್ತೆ ಬಾಗಿದವು ಎಂದು ಬೇರೊಂದು ಅಧ್ಯಯನ ಹೇಳಿತು. ಅಲ್ಲಿ ಬುಡದ ಗೆಣ್ಣಿಗಿಂತ ನಡು ಗೆಣ್ಣಿನ ಪಾಡು ಹೆಚ್ಚು ಕೆಟ್ಟದಾಗಿತ್ತು. ಒಂದೊಂದು ಅಧ್ಯಯನವೂ ‘ಮರುಕಳಿಕೆ’ಯನ್ನು ತನ್ನದೇ ಅಳತೆಗೋಲಿನಿಂದ ಅಳೆದಿರುವುದರಿಂದ ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೂಗುವಂತಿಲ್ಲ. ಫಿನ್ಲೆಂಡಿನ ಸುಮಾರು 300 ರೋಗಿಗಳ ಅಧ್ಯಯನ ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿತು. ಮೂರು ತಿಂಗಳಿಗೆ ಮೂರರ ಫಲವೂ ಹೆಚ್ಚುಕಡಿಮೆ ಒಂದೇ. ಎರಡು ವರ್ಷಕ್ಕೆ ಶಸ್ತ್ರಚಿಕಿತ್ಸೆಯವರಲ್ಲಿ ಶೇ 78, ಕೊಲಾಜಿನೇಸ್‌ನವರಲ್ಲಿ ಶೇ 65, ಸೂಜಿಯವರಲ್ಲಿ ಶೇ 50 ಮಂದಿಗೆ ಫಲ ಉಳಿದಿತ್ತು. 672 ರೋಗಿಗಳನ್ನು ಒಳಗೊಂಡ ಬ್ರಿಟನ್ನಿನ ಅಧ್ಯಯನದಲ್ಲೂ, ಒಂದು ವರ್ಷದ ಕೊನೆಗೆ ಕೈಯ ಬಳಕೆಯ ಬಗ್ಗೆ ರೋಗಿಗಳೇ ಕೊಟ್ಟ ಅಂಕಗಳಲ್ಲಿ ಕೊಲಾಜಿನೇಸ್ ಶಸ್ತ್ರಚಿಕಿತ್ಸೆಗೆ ಸಮವಾಗಲಿಲ್ಲ.

ಇಷ್ಟನ್ನು ಓದಿದ ಶಸ್ತ್ರವೈದ್ಯರೊಬ್ಬರು ಕೇಳಬಹುದು: ಮತ್ತೆ ಬರುವುದು ಖಚಿತವಿದ್ದ ಮೇಲೆ ಅರೆಬರೆ ಕೆಲಸ ಯಾಕೆ? ಒಮ್ಮೆ ಚೆನ್ನಾಗಿ ತೆಗೆದುಬಿಡೋಣ. ಈ ವಾದಕ್ಕೆ ಬಲವಿದೆ. ಪಿಯಾನೋ ವಾದಕ ಮಿಶಾ ಡಿಕ್ಟರ್ 2007ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ವೇದಿಕೆಗೆ ಮರಳಿದರು. ನೆದರ್ಲೆಂಡ್ಸ್‌ನ ಅಧ್ಯಯನದಲ್ಲೂ ಶಸ್ತ್ರಚಿಕಿತ್ಸೆ ಪಡೆದವರ ಸಮಾಧಾನವೇ ಒಂದು ಕೈ ಮೇಲಿತ್ತು.

ಆದರೂ ಈ ವಾದದಲ್ಲಿ ಎರಡು ಸಂಗತಿ ಬಿಟ್ಟುಹೋಗಿವೆ. ಮೊದಲನೆಯದು, ಶಸ್ತ್ರಚಿಕಿತ್ಸೆಯೂ ರೋಗವನ್ನು ತೆಗೆಯುವುದಿಲ್ಲ, ಹುರಿಯನ್ನು ತೆಗೆಯುತ್ತದೆ. ನಾರನ್ನು ಹೊಸೆಯುವ ಜೀವಕೋಶಗಳ ಸ್ವಭಾವ ರಕ್ತದಲ್ಲೇ ಬಂದದ್ದು, ಯಾವ ಚೂರಿಯೂ ಅಲ್ಲಿಗೆ ತಲುಪದು. ರೋಗ ಮರಳಿದಾಗ ಹಳೆಯ ಕಲೆಯ ಗಟ್ಟಿ ನಾರಿನ ನಡುವೆ ನರವನ್ನು ಹುಡುಕಿ ಬಿಡಿಸುವುದು ಮೊದಲ ಸಲಕ್ಕಿಂತ ಬಹಳ ಕಷ್ಟ, ನರಕ್ಕೆ ಏಟಾಗುವ ಸಂಭವವೂ ಹೆಚ್ಚು. ಸೂಜಿ ಆ ನೆಲವನ್ನು ಅಷ್ಟಾಗಿ ಕೆದಕಿರುವುದಿಲ್ಲ. ಮತ್ತೆ ಸೂಜಿ ಹಿಡಿಯಬಹುದು, ಬೇಕಾದರೆ ಆಮೇಲೆ ಶಸ್ತ್ರಚಿಕಿತ್ಸೆಗೂ ಹೋಗಬಹುದು.

ಎರಡನೆಯದು ರೋಗಿಯ ಲೆಕ್ಕ. ಶಸ್ತ್ರಚಿಕಿತ್ಸೆ ಎಂದರೆ ವಾರಗಟ್ಟಲೆ ಗಾಯ, ಬಿರುಸು, ವ್ಯಾಯಾಮ. ಕೆಲವರಿಗೆ ಕೈ ತಿಂಗಳುಗಟ್ಟಲೆ ಊದಿ ನೋಯುತ್ತದೆ. 75ರ ವಯಸ್ಸಿನ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವ, ಒಬ್ಬಂಟಿಯಾಗಿ ಅಡುಗೆ ಮಾಡಿಕೊಳ್ಳುವ ಹೆಂಗಸಿಗೆ ಆ ವಾರಗಳ ಬೆಲೆ ಒಂದು. ಗಟ್ಟಿಮುಟ್ಟಾದ 50ರ ಬಡಗಿಗೆ ಅದರ ಬೆಲೆ ಇನ್ನೊಂದು. ನೆದರ್ಲೆಂಡ್ಸ್‌ನ ಅದೇ ಅಧ್ಯಯನದಲ್ಲಿ ಚಿಕಿತ್ಸೆಯ ಹೊತ್ತಿಗೆ ವಯಸ್ಸು ಹೆಚ್ಚಿದ್ದವರಲ್ಲಿ ಮರುಕಳಿಕೆ ಕಡಿಮೆ ಇತ್ತು. ಅದರಲ್ಲಿ ನನ್ನ ಮನಸ್ಸಿಗೆ ನಾಟಿದ ಅಂಕಿ ಇನ್ನೊಂದಿದೆ. ರೋಗ ಮರಳಿದರೆ ಯಾವ ಚಿಕಿತ್ಸೆ ಬೇಕೆಂದು ಕೇಳಿದಾಗ ಶೇ 53 ಮಂದಿ ಸೂಜಿಯನ್ನೇ ಆರಿಸಿದರು. ಪ್ರಬಂಧದಲ್ಲಿ ‘ಮರುಕಳಿಕೆ’ ಎಂದು ದಾಖಲಾದದ್ದು ಅವರಿಗೆ ಸೋಲಾಗಿ ಕಂಡಿರಲಿಲ್ಲ. ಅವರ ಪಾಲಿಗೆ ಅದು ಮತ್ತೊಮ್ಮೆ ಹೋಗಿಬರಬಹುದಾದ ಒಂದು ಬೆಳಗಿನ ಕೆಲಸ. ಹಳತಾದ ಕನ್ನಡಕವನ್ನು ಬದಲಿಸಿದಂತೆ, ಕೆಲವು ರೋಗಗಳ ಜೊತೆ ಆಗಾಗ ದುರಸ್ತಿ ಮಾಡಿಕೊಂಡು ಬಾಳಬೇಕಾಗುತ್ತದೆ. ಅದರಲ್ಲಿ ಸೋಲೇನೂ ಇಲ್ಲ.

ಹಾಗೆಂದು ಎದುರು ತುದಿಯ ಉತ್ಸಾಹಕ್ಕೂ ನಾನು ಒಪ್ಪಲಾರೆ. ‘ಸೂಜಿಯಲ್ಲಿ ಹೋಗುವಾಗ ಯಾಕೆ ಕೊಯ್ಸಿಕೊಳ್ಳಬೇಕು’ ಎನ್ನುವವರು ಎಲ್ಲ ಹುರಿಯೂ ಒಂದೇ ಎಂದು ತಿಳಿದಿದ್ದಾರೆ. ಅಂಗೈಯಲ್ಲಿ ಸ್ಪಷ್ಟವಾಗಿ ಎದ್ದು ಕಾಣುವ ಒಂಟಿ ಹುರಿ ಬುಡದ ಗೆಣ್ಣನ್ನು ಬಾಗಿಸಿದ್ದರೆ ಸೂಜಿ ಒಳ್ಳೆಯ ಆಯ್ಕೆ. ನಡು ಗೆಣ್ಣು ಬಹಳ ಬಾಗಿದ್ದರೆ, ಹುರಿ ಹರಡಿಕೊಂಡು ಚರ್ಮಕ್ಕೆ ಅಂಟಿದ್ದರೆ, ಸುರುಳಿ ಹುರಿಯ ಅನುಮಾನವಿದ್ದರೆ ತೆರೆದು ನೋಡುವುದೇ ಸುರಕ್ಷಿತ. ಚಿಕ್ಕ ವಯಸ್ಸಿಗೇ ಶುರುವಾಗಿ ಎರಡೂ ಕೈಗೆ ಹಬ್ಬಿ ಪದೇ ಪದೇ ಮರುಕಳಿಸುವವರಲ್ಲಿ ಕೆಲವೊಮ್ಮೆ ರೋಗದ ನಾರಿನ ಜೊತೆಗೆ ಮೇಲಿನ ಚರ್ಮವನ್ನೂ ತೆಗೆದು ಬೇರೆಡೆಯ ಚರ್ಮ ಕಸಿ ಮಾಡಬೇಕಾಗುತ್ತದೆ. ಅಲ್ಲಿ ಸಣ್ಣ ಗಾಯದ ಹಟ ರೋಗಿಯ ಬೆರಳಿಗೇ ಮುಳುವಾದೀತು.

ಬೆರಳು ಬಾಗುವ ಮೊದಲೇ ತಡೆಯಲಾಗದೇ ಎಂಬ ಹುಡುಕಾಟವೂ ನಡೆದಿದೆ. ಗಂಟಿನ ಹಂತದಲ್ಲಿ ವಿಕಿರಣ ಕೊಡುವ ಪದ್ಧತಿ ಜರ್ಮನಿಯಲ್ಲಿ ಬಳಕೆಯಲ್ಲಿದೆ. ಆಕ್ಸ್‌ಫರ್ಡ್‌ನ ಜಗದೀಪ್ ನಂಚಹಾಲ್ ಅವರ ತಂಡ ಅಡಲಿಮುಮ್ಯಾಬ್ ಎಂಬ ಸಂಧಿವಾತದ ಔಷಧಿಯನ್ನು ನೇರ ಗಂಟಿಗೇ ಚುಚ್ಚಿ, ಗಂಟು ಮೆತ್ತಗಾಗಿ ಕುಗ್ಗುವುದನ್ನು 2022ರಲ್ಲಿ ತೋರಿಸಿತು. ಇದರಿಂದ ಮುಂದೆ ಬೆರಳು ಬಾಗುವುದು ನಿಲ್ಲುತ್ತದೆ ಎಂಬುದು ಸಾಬೀತಾದ ದಿನ ಈ ಲೇಖನದ ವಾದವೇ ಬದಲಾಗಬೇಕಾದೀತು, ನಾನದನ್ನು ಸಂತೋಷದಿಂದ ಬದಲಿಸುತ್ತೇನೆ. ಅಲ್ಲಿಯವರೆಗೆ ನಮ್ಮೆದುರು ಇರುವುದು ಸೂಜಿ, ಚೂರಿ, ಸಿಗುವ ಕಡೆ ಕಿಣ್ವ.

ಇವುಗಳಲ್ಲಿ ಆರಿಸುವವರು ಯಾರು? ವೈದ್ಯರಿಗೆ ಕಾಣುವುದು ಡಿಗ್ರಿ. ರೋಗಿಗೆ ಬೇಕಾದದ್ದು ಮುಖ ತೊಳೆಯುವಾಗ ಕಣ್ಣಿಗೆ ತಾಗದ ಬೆರಳು, ರೊಟ್ಟಿ ತಟ್ಟುವ ಅಂಗೈ, ವೀಣೆಯ ತಂತಿಯನ್ನು ಮುಟ್ಟುವ ಕಿರುಬೆರಳು. ಐದು ಡಿಗ್ರಿ ಉಳಿದರೂ ಒಬ್ಬರಿಗೆ ಏನೂ ಅನ್ನಿಸದು, ಇನ್ನೊಬ್ಬರ ಸಂಗೀತ ಅಲ್ಲಿಗೇ ನಿಂತುಹೋದೀತು. ಆದ್ದರಿಂದ ಮೊದಲ ಪ್ರಶ್ನೆ ವೈದ್ಯರಿಂದ ಬರಬೇಕು: ಈ ಕೈಯಿಂದ ನಿಮಗೆ ಏನಾಗಬೇಕು? ಉಳಿದವನ್ನು ರೋಗಿ ಸಂಕೋಚವಿಲ್ಲದೆ ಕೇಳಬೇಕು. ಬಾಗಿರುವುದು ಯಾವ ಗೆಣ್ಣು? ಸೂಜಿಯಲ್ಲಿ ಎಷ್ಟು ಬಿಡಿಸಿಕೊಂಡೀತು, ಎಷ್ಟು ವರ್ಷ ಬಾಳೀತು? ಮರಳಿದರೆ ಮುಂದಿನ ದಾರಿ ಯಾವುದು? ಈ ಕೆಲಸವನ್ನು ನೀವು ಎಷ್ಟು ಸಲ ಮಾಡಿದ್ದೀರಿ? ಈ ಕಾಯಿಲೆ ಅಪರೂಪವಾಗಿರುವ ನಮ್ಮಲ್ಲಿ ಕೊನೆಯ ಪ್ರಶ್ನೆಯನ್ನು ಕೇಳಲೇಬೇಕು. ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ನೆಲೆಸಿದ ಕನ್ನಡಿಗರಿಗೆ ಸೂಜಿ ಚಿಕಿತ್ಸೆ ಹತ್ತಿರದಲ್ಲೇ ಸಿಗಬಹುದು. ಇಲ್ಲಿರುವವರು ಕೈಯ ಶಸ್ತ್ರಚಿಕಿತ್ಸೆಯನ್ನೇ ವಿಶೇಷವಾಗಿ ಕಲಿತವರನ್ನು ಹುಡುಕಿಕೊಂಡು ಹೋಗಬೇಕಾದೀತು. ಆ ಪ್ರಯಾಣ ಸಾರ್ಥಕ.

ಸೂಜಿಯನ್ನು ಮೊದಲ ಹೆಜ್ಜೆಯಾಗಿ ಮುಂದಿಡುವವರ ಮೇಲೆ ಒಂದು ಹೊಣೆಯಿದೆ. ಹುರಿ ಮತ್ತೆ ಬರಬಹುದೆಂಬ ಮಾತನ್ನು ಚುಚ್ಚುವ ಮೊದಲೇ, ರೋಗಿಯ ಕಣ್ಣು ನೋಡಿ ಹೇಳಬೇಕು. ಮೊದಲೇ ಹೇಳಿದರೆ ಅದು ತಿಳಿವಳಿಕೆ. ಬೆರಳು ಮತ್ತೆ ಬಾಗಿದ ಮೇಲೆ ಹೇಳಿದರೆ ಅದೇ ಮಾತು ನೆಪವಾಗುತ್ತದೆ.